ಅತಿಥಿಗೆ ಪುಂಡಿ ಪಲ್ಯವಿಲ್ಲ

ನಮ್ಮೂರು ಕೊಳಾರ. ಇಷ್ಟು ಹೇಳಿದರೆ ಸಾಕು, ನ್ಯೂಜೆರ್ಸಿಯ ನಮ್ಮ ಕನ್ನಡ ಬಳಗದವರು ತಪ್ಪದೆ ಚಿನ್ನದ ಗಣಿಯ ವಿಚಾರ ಎತ್ತುತ್ತಾರೆ. ಅದು ಕೋಲಾರ ಸ್ವಾಮಿ, ರಾಜ್ಯದ ಆ ತುದಿಯದು. ನಮ್ಮದು ಬೀದರಿನ ಮಗ್ಗುಲಿನ ಕೊಳಾರ, ನಮ್ಮ ನೆಲದಲ್ಲಿ ತೊಗರಿ, ಉದ್ದು, ಹೆಸರು, ಜೋಳ ಬಿಟ್ಟರೆ ಹೊಳೆಯುವಂಥದ್ದೇನೂ ಸಿಕ್ಕಿಲ್ಲ ಎಂದು ವಿವರಿಸುವಷ್ಟರಲ್ಲಿ ಅವರ ತಟ್ಟೆಯ ಬಿಸಿಬೇಳೆ ಭಾತು ಆರಿರುತ್ತದೆ. ಹಾಗಾಗಿ ಈಚೆಗೆ ಬೀದರ್ ಎಂದಷ್ಟೇ ಹೇಳುತ್ತೇನೆ. ಅದಕ್ಕೂ ಒಬ್ಬರು, ಪಾಪ, ಬಲು ಮರ್ಯಾದೆಯಿಂದಲೇ, "ಅದು ನಮ್ಮಲ್ಲೇ ಬರತ್ತಾ?" ಎಂದು ಕೇಳಿದರು. ಬರುತ್ತದೆ. 1956ರ ನವೆಂಬರ್ 1ರಿಂದ ಬರುತ್ತಲೇ ಇದೆ.

ಕೇಳಿದವರನ್ನು ದೂರುವಂತಿಲ್ಲ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್, ಹೈದರಾಬಾದು ಸುಮಾರು 140. ನಾವು ಚಿಕ್ಕವರಿದ್ದಾಗ ಮದುವೆಯ ಸೀರೆ, ಕಣ್ಣಿನ ಆಪರೇಷನ್ನು, ಸಿನೆಮಾ ನಟರ ದರ್ಶನ ಎಲ್ಲಕ್ಕೂ ಹೈದರಾಬಾದೇ. ಈಗಲೂ ವಿಮಾನ ಇಳಿಯುವುದು ಶಂಷಾಬಾದಿನಲ್ಲಿ. ಅಲ್ಲಿಂದ ಕಾರಿನಲ್ಲಿ ಜಹೀರಾಬಾದು ದಾಟಿದರೆ ಮನೆ ಬಂತು. ಅಂದರೆ ಉಳಿದ ಕರ್ನಾಟಕಕ್ಕೆ ಒಂದು ಹೆಜ್ಜೆಯನ್ನೂ ಇಡದೆ ಅಮೆರಿಕದಿಂದ ಕರ್ನಾಟಕಕ್ಕೆ ಹೋಗಿಬರುವ ಕನ್ನಡಿಗ ನಾನು. ಬಳಗದ ರಾಜ್ಯೋತ್ಸವದಲ್ಲಿ ನಾಡುನುಡಿಯ ಮೇಲೆ ಭಾಷಣ ಮಾಡುವವನೂ ನಾನೇ!

ಈ ಸಲ ಹೋಗಿದ್ದು ಡಿಸೆಂಬರಿನಲ್ಲಿ. ಮೂರು ಊರಿಗೂ ಹೋಗಬೇಕು ಎಂದು ತೀರ್ಮಾನಿಸಿದ್ದೆ: ಹುಟ್ಟಿದ ಕೊಳಾರ, ಅಪ್ಪನಿಗೆ ಮಾಸ್ತರಿಕೆ ಸಿಕ್ಕಿ ನಾನು ಅಕ್ಷರ ಕಲಿತ ಔರಾದ, ಹೈಸ್ಕೂಲಿಗೆ ಹಾಸ್ಟೆಲಿನಲ್ಲಿ ಬಿದ್ದುಕೊಂಡಿದ್ದ ಭಾಲ್ಕಿ. ವಿಮಾನದಲ್ಲಿ ನಿದ್ದೆ ಬಾರದೆ ಬೋರ್ಡಿಂಗ್ ಪಾಸಿನ ಹಿಂದೆ ತಿನ್ನಬೇಕಾದವುಗಳ ಪಟ್ಟಿ ಬರೆದೆ. ಪುಂಡಿ ಪಲ್ಯ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಝುಣಕ, ಸುಸ್ಲಾ, ಮಿರ್ಚಿ. ಪಕ್ಕದ ಸೀಟಿನ ಹೆಂಗಸು ಅದನ್ನು ಓರೆಗಣ್ಣಿನಲ್ಲಿ ನೋಡಿ ಮಂತ್ರವೋ ಏನೋ ಎಂದುಕೊಂಡಿರಬೇಕು, ಆಮೇಲೆ ನನ್ನೊಡನೆ ಬಹಳ ವಿನಯದಿಂದ ನಡೆದುಕೊಂಡರು.

ಶಂಷಾಬಾದಿನಲ್ಲಿ ನಾನು ಇಳಿದೆ, ನನ್ನ ಸೂಟ್‌ಕೇಸು ಇಳಿಯಲಿಲ್ಲ. ಬಟ್ಟೆಬರೆ, ಮಕ್ಕಳಿಗೆ ಚಾಕಲೇಟು, ಹಿರಿಯರಿಗೆ ಸ್ವೆಟರು, ಗೆಳೆಯರಿಗೆ ಸೆಂಟು, ಎಲ್ಲವೂ ಅದರಲ್ಲಿ. ಕೌಂಟರಿನ ಹುಡುಗ ಒಂದು ಚೀಟಿ ಕೊಟ್ಟು, ಮನೆಗೇ ಬರುತ್ತದೆ ಸಾರ್ ಎಂದು ಮಗಳನ್ನು ಕಳಿಸಿಕೊಡುವ ಬೀಗನ ಧಾಟಿಯಲ್ಲಿ ಸಮಾಧಾನ ಹೇಳಿದ. ಹೊರಗೆ ಕಾಯುತ್ತಿದ್ದ ಬಾಲ್ಯದ ಗೆಳೆಯ ನನ್ನ ಹಿಂದೆ ಮುಂದೆ ನೋಡಿ, "ಏನಲೇ, ಇಷ್ಟ್ ವರ್ಷ ಅಮೆರಿಕಾದಾಗಿದ್ದು ಬರೇ ಕೈಲೆ ಬಂದೀ?" ಎಂದ. ಆ ರಾತ್ರಿಯಿಂದ ನಾನು ಅವನ ಪೈಜಾಮ, ಅವನ ಅಂಗಿಗಳ ಆಶ್ರಿತ. ಅವನ ಸುತ್ತಳತೆಯಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಾರೆ. ಪೈಜಾಮದ ಲಾಡಿ ಬಿಗಿದು ಬಿಗಿದು ಗಂಟಿನ ಬಾಲ ಮೊಣಕಾಲಿಗೆ ಬರುತ್ತಿತ್ತು.

ಊಟಕ್ಕೆ ಕರೆದರು. ಪಟ್ಟಿ ಮನಸ್ಸಿನಲ್ಲೇ ಇತ್ತು. ತಟ್ಟೆಯಲ್ಲಿ ಪಲಾವು, ಪನೀರು, ಗುಲಾಬ್ ಜಾಮೂನು. ಬದಿಯಲ್ಲಿ ಮುಚ್ಚಳ ತೆಗೆಯದ ನೀರಿನ ಬಾಟಲಿ. ಪಲಾವಿನ ಮೇಲೆ, ನಾನು ಕೈಯಲ್ಲಿ ಉಣ್ಣಬಲ್ಲೆನೆಂಬ ನಂಬಿಕೆಯನ್ನೇ ಅಲುಗಿಸುವಂಥ ಒಂದು ಚಮಚ. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ಹುಳಿಹುಳಿ ವಾಸನೆ ಬರುತ್ತಿತ್ತು. ಪುಂಡಿಯದೇ, ಸಂಶಯವಿಲ್ಲ. ನಾಚಿಕೆ ಬಿಟ್ಟು ಕೇಳಿದೆ. ಗೆಳೆಯನ ಹೆಂಡತಿ, ನಮ್ಮ ವೈನಿ, ಸೆರಗು ಬಾಯಿಗಿಟ್ಟು ನಕ್ಕರು. "ಅದು ನಮಗ ಮಾಡೀನ್ರಿ. ಅಮೆರಿಕಾದಿಂದ ಬಂದವ್ರಿಗಿ ಪುಂಡಿ ಪಲ್ಯ ನೀಡಿದ್ರ ಮಂದಿ ನಮಗೇನಂದಾರು?"

ಇದು ವೈನಿಯೊಬ್ಬರ ಕಾನೂನಲ್ಲ. ನಮ್ಮದು ಜೋಳ ತಿಂದು ಬೆಳೆದ ಸೀಮೆ. ಅನ್ನವೆಂದರೆ ಹಬ್ಬಕ್ಕೆ, ಬೀಗರಿಗೆ, ಜ್ವರ ಬಂದವರಿಗೆ. ಮನೆಗೆ ಬಂದವರ ತಟ್ಟೆಗೆ ಅನ್ನ ಬಿತ್ತೆಂದರೆ ಅವರಿಗೆ ಮರ್ಯಾದೆ ಸಂದಿತೆಂದೇ ಲೆಕ್ಕ. ಈಗ ಪಡಿತರದ ಅಕ್ಕಿ ಮನೆಮನೆಗೂ ಬಂದಿದೆ, ಪೇಟೆಯಲ್ಲಿ ಬಿಳಿಜೋಳವೇ ತುಟ್ಟಿ. ಆದರೂ ಮರ್ಯಾದೆಯ ಕಾಯಿದೆಗೆ ತಿದ್ದುಪಡಿ ಆಗಿಲ್ಲ. ಪುಂಡಿ ಸೊಪ್ಪು ಹೊಲದ ಬದುವಿನಲ್ಲಿ ಬೆಳೆಯುವಂಥದ್ದು, ಅದಕ್ಕೆ ಒಂದಿಷ್ಟು ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಬಿದ್ದರೆ ಮುಗಿಯಿತು. ದುಡ್ಡು ಬೇಡದ ಪಲ್ಯ. ಅದಕ್ಕೇ ದೊಡ್ಡವರಿಗೆ ಬಡಿಸುವಂತಿಲ್ಲ. ನಾನು ದೊಡ್ಡವನಲ್ಲ ಎಂದು ಸಾಬೀತುಮಾಡಲು ನನ್ನ ಬಳಿ ಗೆಳೆಯನ ಪೈಜಾಮ ಬಿಟ್ಟರೆ ಬೇರೆ ಸಾಕ್ಷ್ಯವಿರಲಿಲ್ಲ.

ಮರುದಿನ ಬೀದರ್ ಪೇಟೆಗೆ ಹೋದೆವು. ಮಕ್ಕಳು ಬೆಳಿಗ್ಗೆಯಿಂದ ನನ್ನ ಬರಿಗೈಯನ್ನೇ ನೋಡುತ್ತಿದ್ದರು. ಉಸ್ಮಾನ್‌ಗಂಜಿನ ಅಂಗಡಿಯೊಂದರಲ್ಲಿ ಚಾಕಲೇಟು ಕೊಂಡೆ. ಸೂಟ್‌ಕೇಸಿನಲ್ಲಿದ್ದದ್ದೂ ಅದೇ ಕಂಪನಿಯದು. ಇಲ್ಲಿ ಅಗ್ಗ. ಏಳು ಸಮುದ್ರ ದಾಟಿಸಿ ಅದನ್ನೇಕೆ ಹೊರುತ್ತೇನೋ ದೇವರೇ ಬಲ್ಲ. ಚೌಬಾರ ಗೋಪುರದ ಬುಡದಲ್ಲಿ ನಿಂತು ಮಿರ್ಚಿ ತಿನ್ನೋಣವೆಂದರೆ ಗೆಳೆಯ ನನ್ನ ಕೈ ಹಿಡಿದು ಎಳೆದ: "ಹೊಟ್ಟಿ ಕೆಟ್ಟಗಿಟ್ಟಿತಲೇ, ನಿಮಗ ಇದೆಲ್ಲಾ ತಡೀದಿಲ್ಲ." ಬದಲಿಗೆ ಬಹಮನಿ ಮಂತ್ರಿ ಮಹಮೂದ್ ಗವಾನರ ಮದರಸಾ ತೋರಿಸಿದ. 1472ರ ಕಟ್ಟಡ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಮುಂದಿನ ಒಂದು ಮಿನಾರು ಹೋಗಿದೆ, ಉಳಿದೊಂದರ ಮೈಮೇಲೆ ಇನ್ನೂ ನೀಲಿ ಹಸಿರು ಹೆಂಚುಗಳ ತುಣುಕು ಅಂಟಿಕೊಂಡಿವೆ. ಅದರ ನೆರಳಲ್ಲಿ ನಾವು ಬೀಡಿ ಸೇದಲು ಕಲಿತದ್ದನ್ನು ಪುರಾತತ್ವ ಇಲಾಖೆಯವರು ಫಲಕದಲ್ಲಿ ನಮೂದಿಸಿಲ್ಲ.

ಹಾಗೇ ಬಿದರಿ ಕೆಲಸದವರ ಓಣಿಗೆ ಹೋದೆವು. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಲ್ಲಿ ಚಿತ್ತಾರ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಉಜ್ಜಿದರೆ ಲೋಹವೆಲ್ಲ ಕಡುಗಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. 2023ರಲ್ಲಿ ಇಲ್ಲಿಯ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ ಪದ್ಮಶ್ರೀ ಬಂತು. ನನಗೆ ಇವೆಲ್ಲಕ್ಕಿಂತ ಹಿಡಿಸುವ ಸಂಗತಿ ಬೇರೆ: ಯಾವ ಮಣ್ಣು ಕೆಲಸಕ್ಕೆ ಬರುತ್ತದೆಂದು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ. ಬಿಸಿಲು ಮಳೆ ತಾಗದ ಮೂಲೆಯ ಮಣ್ಣಿಗೇ ಆ ರುಚಿಯಂತೆ. ಮಣ್ಣಿನ ರುಚಿಯನ್ನೂ ಬಲ್ಲ ಊರಿನಲ್ಲಿ ನನಗೆ ಮಾತ್ರ ಪನೀರು!

ಭಾಲ್ಕಿಯಲ್ಲಾದರೂ ಪಟ್ಟಿ ಸ್ವಲ್ಪ ಕರಗಬಹುದೆಂದುಕೊಂಡೆ. ಹಾಸ್ಟೆಲಿನ ಗೆಳೆಯ ಈಗ ನಿವೃತ್ತ. ಮೊದಲು ಹಿರೇಮಠಕ್ಕೆ ಹೋಗಿ ಕೈಮುಗಿದೆವು. ನಿಜಾಮನ ಆಳಿಕೆಯಲ್ಲಿ ಈ ಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದ ಕತೆ ನಮ್ಮ ಕಡೆ ಮಗು ಮಗುವಿಗೂ ಗೊತ್ತು. ನೂರು ದಾಟಿ ಬಾಳಿದ ಜೀವ ಅದು, 1999ರಲ್ಲಿ ಲಿಂಗೈಕ್ಯರಾದರು. ಮಠದ ಅಂಗಳದಲ್ಲಿ ನಿಂತಾಗ ಹೊಳೆಯಿತು: ನನ್ನ ಮೇಲೂ ಯಾರೋ ಬೋರ್ಡು ಹಾಕಿಬಿಟ್ಟಿದ್ದಾರೆ, ಒಳಗೇನಿದೆಯೆಂದು ನೋಡುವವರಿಲ್ಲ. ಇದನ್ನು ಗೆಳೆಯನಿಗೆ ಹೇಳಿದೆ. ಅವನು ತಲೆದೂಗಿ ಮನೆಗೆ ಕರೆದೊಯ್ದ. ಅಲ್ಲಿ ಅವನ ಸೊಸೆ ಯೂಟ್ಯೂಬ್ ನೋಡಿಕೊಂಡು, ನನಗಾಗಿ, ಪಾಸ್ತಾ ಮಾಡಿದ್ದಳು. "ನಿಮ್ಮ ಕಡೀ ಊಟ ಅದ ಮಾಮಾ, ಸಂಕೋಚ ಮಾಡಬ್ಯಾಡ್ರಿ" ಎಂದಳು. ಪಾಸ್ತಾ ಚೆನ್ನಾಗಿತ್ತು, ಜೀರಿಗೆ ಒಗ್ಗರಣೆ ಬಿದ್ದಿತ್ತು. ಎರಡು ಸಲ ಹಾಕಿಸಿಕೊಂಡೆ.

ಔರಾದ ಕರ್ನಾಟಕದ ತೀರ ಉತ್ತರದ ತಾಲ್ಲೂಕು. ಅತ್ತ ಮಹಾರಾಷ್ಟ್ರ, ಇತ್ತ ತೆಲಂಗಾಣ. ಚಹಾದ ಅಂಗಡಿಯವನು ಮರಾಠಿಯಲ್ಲಿ ಕೇಳಿದ, ನಾನು ದಖ್ಖನಿ ಉರ್ದುವಿನಲ್ಲಿ ಹೇಳಿದೆ, ಹುಡುಗ ತೆಲುಗಿನಲ್ಲಿ ಸಕ್ಕರೆ ಎಷ್ಟೆಂದ, ಚಿಲ್ಲರೆಗೆ ಜಗಳವಾದಾಗ ಮೂವರೂ ಕನ್ನಡಕ್ಕೆ ಬಂದೆವು. ನಾವಿದ್ದ ಬಾಡಿಗೆ ಮನೆಯ ಜಾಗದಲ್ಲಿ ಮೊಬೈಲಿನ ಅಂಗಡಿ. ಅಮರೇಶ್ವರನ ಗುಡಿ ಇದ್ದಲ್ಲೇ ಇದೆ. ಅಗಲ ಹಣೆ, ಜೋಲು ಕಿವಿಯ ದೇವಣಿ ಹೋರಿಯೊಂದು ಬೀದಿಯ ನಡುವೆ ನಿಂತು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸರಿಯದೆ ನಿಂತೇ ಇತ್ತು. ಇಡೀ ಪ್ರವಾಸದಲ್ಲಿ ನನಗೆ ಮರ್ಯಾದೆ ಕೊಡದ ಮೊದಲ ಜೀವಿ. ಬಹಳ ಸಂತೋಷವಾಯಿತು.

ಕೊಳಾರಕ್ಕೆ ಮರಳುವಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಆ ದಿನ ನೀವು ಬೀದರ್ ಪೇಟೆಗೆ ಹೋಗಿ ನೋಡಬೇಕು, ಕರ್ಫ್ಯೂ ಹಾಕಿದರೂ ಅಷ್ಟು ಬಿಕೋ ಎನ್ನುವುದಿಲ್ಲ. ಊರಿಗೆ ಊರೇ ಹೊಲದಲ್ಲಿ. ಹಿಂದೆ ಸವಾರಿ ಬಂಡಿಗಳಿದ್ದವು, ಈಗ ಟ್ರ್ಯಾಕ್ಟರು, ಕಾರು, ಒಂದೊಂದು ಬೈಕಿಗೆ ನಾಲ್ಕು ಜನ, ಐದನೆಯದಾಗಿ ಅಂಬಲಿಯ ಗಡಿಗೆ. ಕೊಳಾರದ ಒಂದು ಕಡೆಯನ್ನು ಕಾರ್ಖಾನೆಗಳು ತೆಗೆದುಕೊಂಡಿವೆ. ಉಳಿದ ಕಡೆ ಜೋಳ ನಿಂತಿತ್ತು. ದಂಟಿನ ಗೂಡು ಕಟ್ಟಿ, ಒಳಗೆ ಪಾಂಡವರೆಂದು ಐದು ಕಲ್ಲಿಟ್ಟು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ ಬಂದು ಊಟಕ್ಕೆ ಕೂರುವುದು.

ಬಾಲ್ಯದ ಗೆಳೆಯನ ಹೊಲ ಹುಡುಕುತ್ತ ನಾನು ಬದುವಿನ ಮೇಲೆ ಒಬ್ಬನೇ ಹೊರಟಿದ್ದೆ. ಪೈಜಾಮವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ. ಯಾರದೋ ಹೊಲದಿಂದ ಒಬ್ಬ ಮುದುಕಿ ಕೂಗಿದಳು: "ಏ ಯಪ್ಪಾ, ಎಲ್ಲಿಗಿ ಹೊಂಟಿ? ಬಾ, ಉಣ್ಣು ಬಾ." ನಾನ್ಯಾರೆಂದು ಆಕೆಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆತುರವೂ ಇರಲಿಲ್ಲ. ಕೂತೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೈಗೇ ಬಂತು, ತಟ್ಟೆ ಆಮೇಲೆ. ಅದರ ಮೇಲೆ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜಿಯಲ್ಲ, ಇದು ಬೇರೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಪಾಲಕ, ಗಜ್ಜರಿ, ಆ ಕಾಲಕ್ಕೆ ಹೊಲದಲ್ಲಿ ಪೇಟೆಯಲ್ಲಿ ಏನೇನು ಹಸಿರಾಗಿ ಕಂಡಿತೋ ಎಲ್ಲವನ್ನೂ ಬೇಯಿಸಿ, ಕಡಲೆ ಹಿಟ್ಟು ಹುಣಸೆಹುಳಿ ಕೂಡಿಸಿ ಕುದಿಸಿದ್ದು. ವರ್ಷದಲ್ಲಿ ಇದೊಂದು ದಿನಕ್ಕೆ ಮಾತ್ರ ಇದರ ಯೋಗ. ಮೇಲೆ ಮಜ್ಜಿಗೆಯಲ್ಲಿ ಹುಳಿಬಂದ ಜೋಳದ ಅಂಬಲಿ, ಬೆಳ್ಳುಳ್ಳಿಯ ಘಾಟಿನದು, ಗಡಿಗೆಯ ತಂಪಿನದು. ಅಷ್ಟು ಸಾಲದೆಂಬಂತೆ ಮುದುಕಿ ಒಂದು ಡಬ್ಬಿಯ ಮುಚ್ಚಳ ತೆರೆದು, "ನಿನ್ನೀದು ಪುಂಡಿ ಪಲ್ಯ ಅದ, ಹಾಕ್ಲೇನು?" ಎಂದಳು.

ಹಾಕವ್ವಾ ಎಂದೆ. ಕೇಳಿ ಹಾಕಿಸಿಕೊಂಡೆ, ಕೇಳದೆಯೂ ಹಾಕಿದಳು. ಊಟ ಮುಗಿದ ಮೇಲೆ, "ಯಾ ಊರಪಾ ನಿಂದು?" ಎಂದು ವಿಚಾರಿಸಿದಳು. ಇದೇ ಊರು ಎಂದೆ. ನನ್ನ ಪೈಜಾಮ ನೋಡಿ, ಹೌದಿರಬೇಕೆಂದು ಒಪ್ಪಿದಳು. ಸೂಟ್‌ಕೇಸು ಅಂದು ಸಂಜೆ ಗೆಳೆಯನ ಮನೆಗೆ ಬಂತಂತೆ. ಎರಡು ದಿನ ನಾನದನ್ನು ತೆರೆಯಲಿಲ್ಲ.

ಓದುಗರೇ, ನಿಮಗೂ ಭಜ್ಜಿ ಉಣ್ಣುವ ಮನಸ್ಸಿದ್ದರೆ ಹೋಟೆಲುಗಳಲ್ಲಿ ವಿಚಾರಿಸಬೇಡಿ, ಸಿಗುವುದಿಲ್ಲ. ಎಳ್ಳಮಾವಾಸ್ಯೆ ಡಿಸೆಂಬರ್ ಇಲ್ಲವೆ ಜನವರಿಯಲ್ಲಿ ಬೀಳುತ್ತದೆ, ಪಂಚಾಂಗ ನೋಡಿಕೊಳ್ಳಿ. ಯಶವಂತಪುರದಿಂದ ಬೀದರಿಗೆ ರೈಲಿದೆ. ಯಾರ ಮನೆಗೂ ಮುಂಚಿತವಾಗಿ ಫೋನು ಮಾಡಬೇಡಿ, ಪಲಾವು ಮಾಡಿಬಿಡುತ್ತಾರೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಯಾವುದಾದರೂ ಹೊಲದ ಬದುವಿನ ಮೇಲೆ ನಿಧಾನವಾಗಿ ನಡೆಯುತ್ತಿರಿ, ಕರೆಯುತ್ತಾರೆ.