ಯಾರ ಪೈಕಿ ಎಂದು ಕೇಳದ ನಂಬರು

ಸ್ವೀಡನ್ನಿಗೆ ಹೋದ ನಮ್ಮವರಿಗೆ ಚಳಿಯೇ ದೊಡ್ಡ ಕಷ್ಟವಿರಬೇಕು ಎಂದು ಊರಿನಲ್ಲಿ ಕೂತವರು ಮರುಗುತ್ತಾರೆ. ಚಳಿಗೆ ಕೋಟು ಸಿಗುತ್ತದೆ. ಸಿಗಲು ಸತಾಯಿಸುವುದು ಪರ್ಸೂನ್‌ನುಮ್ಮೆರ್ ಎಂಬ ಹತ್ತು ಅಂಕಿಯ ನಂಬರು. ಬೆಂಗಳೂರಿನಿಂದ ಸ್ಟಾಕ್‌ಹೋಮಿಗೆ ಹಾರಿದ ಎಂಜಿನಿಯರ್‌ಗೆ ವೀಸಾ, ಹುದ್ದೆ, ಸಂಬಳ ಎಲ್ಲ ಪಕ್ಕಾ ಆಗಿದ್ದರೂ, ಸ್ಕಾಟೆವರ್ಕೆಟ್ ಎಂಬ ತೆರಿಗೆ ಇಲಾಖೆಗೆ ಖುದ್ದಾಗಿ ಹೋಗಿ, ಒಂದು ವರ್ಷವಾದರೂ ಇಲ್ಲೇ ಇರುತ್ತೇನೆಂದು ತೋರಿಸಿ, ಆ ನಂಬರಿನ ಕಾಗದ ಅಂಚೆಯಲ್ಲಿ ಬರುವ ತನಕ ಆತ ಇದ್ದೂ ಇಲ್ಲದವನು. ಆ ಕಾಗದವಾದರೂ ಸುಮ್ಮನೆ ಬರುವುದಿಲ್ಲ. ಬಾಡಿಗೆ ಮನೆಯ ಬಾಗಿಲಿನ ಅಂಚೆಕಿಂಡಿಯ ಮೇಲೆ ನಮ್ಮ ಹೆಸರಿನ ಚೀಟಿ ಅಂಟಿರಬೇಕು. ಇಷ್ಟು ಕಾದವರು ‘ಮನುಷ್ಯನನ್ನು ನಂಬರು ಮಾಡಿಬಿಟ್ಟರಲ್ಲ’ ಎಂದು ಗೊಣಗುವುದು ಸಹಜ. ನನಗೆ ಮಾತ್ರ ಹೆಸರಿಗಿಂತ ನಂಬರೇ ಹೆಚ್ಚು ಮರ್ಯಾದಸ್ಥ ಎನಿಸುತ್ತದೆ.

ಅದರ ಕುತೂಹಲದ ಮಿತಿಯನ್ನೇ ನೋಡಿ. ಮೊದಲ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. ಮುಂದಿನ ಮೂರರಲ್ಲಿ ಕೊನೆಯದು ಬೆಸವಾದರೆ ಗಂಡು, ಸಮವಾದರೆ ಹೆಣ್ಣು. ಹತ್ತನೆಯದು ಕಂಪ್ಯೂಟರ್ ಕಾಲಕ್ಕೆಂದು 1967ರಲ್ಲಿ ಸೇರಿಸಿದ ತಾಳೆಯ ಅಂಕಿ. ಮೊದಲಿನ ಒಂಬತ್ತನ್ನು ಒಂದು ಬಿಟ್ಟು ಒಂದರಂತೆ ಎರಡರಿಂದ ಗುಣಿಸಿ, ಬಂದ ಅಂಕಿಗಳನ್ನೆಲ್ಲ ಕೂಡಿದರೆ, ಹತ್ತರ ಮಗ್ಗಿಯ ಮುಂದಿನ ಸಂಖ್ಯೆ ಮುಟ್ಟಲು ಎಷ್ಟು ಕಡಿಮೆ ಬೀಳುತ್ತದೋ ಅದೇ ಈ ಅಂಕಿ. ಗುಮಾಸ್ತ ಒಂದು ಅಂಕಿ ತಪ್ಪಿದರೆ ನಂಬರೇ ಅವನನ್ನು ಹಿಡಿದುಕೊಡುತ್ತದೆ. ನೂರು ತುಂಬಿದವರಿಗೆ ನಡುವಿನ ಅಡ್ಡಗೀಟು ಹೋಗಿ ಪ್ಲಸ್ ಚಿಹ್ನೆ ಬರುತ್ತದೆ. ಸರ್ಕಾರಿ ಬಡ್ತಿಗಳಲ್ಲಿ ಇಷ್ಟು ತಡವಾಗಿ, ಇಷ್ಟು ಕರಾರುವಾಕ್ಕಾಗಿ ಸಿಗುವುದು ಇದೊಂದೇ ಇರಬೇಕು. ಹಿಂದೆ ಆ ಮೂರು ಅಂಕಿಗಳಲ್ಲಿ ಹುಟ್ಟಿದ ಸೀಮೆಯ ಸುಳಿವಿರುತ್ತಿತ್ತು. 1990ರಿಂದ ಅದನ್ನೂ ಕೈಬಿಟ್ಟರು.

ಹೆಸರಿನ ಬಾಯಿ ಇಷ್ಟು ಬಿಗಿಯಲ್ಲ. ನಮ್ಮ ಕಡೆ ಹೊಸಬರನ್ನು ಕಂಡಾಗ ‘ನೀವು ಯಾರ ಪೈಕಿ?’ ಎಂದು ಕೇಳುವ ಶ್ರಮವನ್ನು ಎಷ್ಟೋ ಸಲ ಹೆಸರೇ ತಪ್ಪಿಸಿಬಿಡುತ್ತದೆ. ಮೇಲಾಗಿ ನಮ್ಮ ಹೆಸರುಗಳಿಗೆ ಹೊರದೇಶದ ಫಾರಂ ಹೊಂದುವುದಿಲ್ಲ. ಊರು ಒಂದು ಇನಿಷಿಯಲ್, ಅಪ್ಪ ಇನ್ನೊಂದು ಇನಿಷಿಯಲ್ ಆಗಿ ಹಾಯಾಗಿದ್ದ ಹೆಸರನ್ನು ಪಾಸ್‌ಪೋರ್ಟಿಗಾಗಿ ಬಿಡಿಸಿ ಬರೆದಾಗ ಅಪ್ಪ ಬಂದು ಸರ್‌ನೇಮಿನ ಕಲಂನಲ್ಲಿ ಕೂರುತ್ತಾರೆ. ಆಮೇಲೆ ಸ್ವೀಡನ್ನಿನ ಕಾಗದಪತ್ರಗಳೆಲ್ಲ ಹಾಸನದಲ್ಲಿ ಕಾಫಿ ಕುಡಿಯುತ್ತಿರುವ ಅಪ್ಪನನ್ನೇ ಕರೆಯುತ್ತವೆ. ನಂಬರು ಮಾತ್ರ ತಪ್ಪದೆ ಮಗನನ್ನೇ ಹುಡುಕಿಕೊಂಡು ಬರುತ್ತದೆ.

ನಂಬರು ಕೂಡ ಸುಳ್ಳು ಹೇಳುತ್ತದಲ್ಲ ಎನ್ನಬಹುದು. ಹೇಳುತ್ತದೆ. ಹುಟ್ಟಿದ ದಿನದ ದಾಖಲೆಯಿಲ್ಲದೆ ಬಂದ ಅನೇಕ ನಿರಾಶ್ರಿತರ ಹೆಸರಿನಲ್ಲಿ ಜನವರಿ 1 ಅಥವಾ ಜುಲೈ 1 ಎಂದು ದಾಖಲಾಗಿದೆ. ಒಂದು ದಿನದ ಪಾಲಿಗಿರುವುದು ಮೂರೇ ಅಂಕಿಯಾದ್ದರಿಂದ ನಂಬರು ಮುಗಿದರೆ ಆಚೀಚಿನ ದಿನಕ್ಕೆ ಸರಿಸುತ್ತಾರೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಒಂದಿಡೀ ತಲೆಮಾರನ್ನು ಕಂಡ ನಾವು ಇದಕ್ಕೆ ನಗುವ ಹಾಗಿಲ್ಲ. ನಂಬರು ಆಡುವುದು ಹೇಳಿಕೊಟ್ಟ ಸುಳ್ಳನ್ನು. ತಾನಾಗಿ ಒಂದನ್ನೂ ಸೇರಿಸುವುದಿಲ್ಲ. ಖಾಸಗಿತನದ ಮಾತು ತೆಗೆಯುವವರೂ ಇದ್ದಾರೆ. ಆದರೆ ಸ್ವೀಡನ್ನಿನಲ್ಲಿ ಈ ನಂಬರು ಮೂಲತಃ ಗುಟ್ಟೇ ಅಲ್ಲ. ಅಲ್ಲಿ ಜನರ ಪಟ್ಟಿಯನ್ನು ಶತಮಾನಗಳ ಕಾಲ ಇಟ್ಟುಕೊಂಡಿದ್ದವರು ಚರ್ಚಿನ ಪಾದ್ರಿಗಳು. ಮನೆಮನೆಯವರ ಧರ್ಮಜ್ಞಾನ ಪರೀಕ್ಷಿಸಿ ಅದನ್ನೂ ಬರೆದಿಡುತ್ತಿದ್ದರು. 1947ರಲ್ಲಿ ನಂಬರು ಬಂತು, 1991ರಲ್ಲಿ ಪಟ್ಟಿ ತೆರಿಗೆ ಇಲಾಖೆಯ ಕೈ ಸೇರಿತು. ಪಾಪದ ಲೆಕ್ಕ ಹೋಗಿ ಬರೀ ತೆರಿಗೆಯ ಲೆಕ್ಕ ಉಳಿದದ್ದು ಖಾಸಗಿತನಕ್ಕೆ ಸಿಕ್ಕ ಲಾಭವೆಂದೇ ಹೇಳಬೇಕು.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಇಲಾಖೆಯ ಗುರುತಿನ ಚೀಟಿಗೆ ನಂಬರು ಬೇಕು, ಬ್ಯಾಂಕು ಚೀಟಿ ಕೇಳುತ್ತದೆ, ಮೊಬೈಲಿನಲ್ಲಿ ಗುರುತು ತೋರಿಸುವ ಬ್ಯಾಂಕ್‌ಐಡಿಯನ್ನು ಬ್ಯಾಂಕೇ ಕೊಡಬೇಕು, ಮನೆ ಬಾಡಿಗೆಯಿಂದ ಜಿಮ್ಮಿನ ತನಕ ಎಲ್ಲರೂ ಅದನ್ನೇ ಕೇಳುತ್ತಾರೆ. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಸ್ವಲ್ಪ ಕಾಲಕ್ಕಷ್ಟೇ ಬಂದವರಿಗೆ ಬೇರೊಂದು ನಂಬರುಂಟು. ಅದರಲ್ಲಿ ಹುಟ್ಟಿದ ದಿನಕ್ಕೆ 60 ಕೂಡಿಸುತ್ತಾರೆ. 12ನೇ ತಾರೀಖು ಹುಟ್ಟಿದವರು 72ನೇ ತಾರೀಖಿನವರಾಗುತ್ತಾರೆ, ಎಷ್ಟೋ ಕೌಂಟರಿನ ಕಂಪ್ಯೂಟರ್ ಅಂಥ ತಾರೀಖೇ ಇಲ್ಲವೆಂದು ಹಟ ಹಿಡಿಯುತ್ತದೆ. ಆದರೆ ಇದು ನಂಬರಿನ ದೋಷವೇ? ಕಾನೂನುಬದ್ಧವಾಗಿ ವಾಸಿಸುವ ಯಾರಿಗೇ ಆಗಲಿ ಒಂದು ಸಾಧಾರಣ ಬ್ಯಾಂಕ್ ಖಾತೆ ಸಿಗಬೇಕೆಂದು ಯುರೋಪಿಯನ್ ಒಕ್ಕೂಟ 2014ರಲ್ಲೇ ನಿಯಮ ಮಾಡಿದೆ. ಕಾನೂನು ತೆರೆದ ಬಾಗಿಲನ್ನು ಹತ್ತು ಖಾಲಿ ಚೌಕಗಳಿರುವ ಫಾರಂ ಮುಚ್ಚಿದರೆ, ತಿದ್ದಬೇಕಾದದ್ದು ಆ ಫಾರಮ್ಮನ್ನು.

ಇಷ್ಟು ಹೇಳಿದರೂ ಒಪ್ಪದ ಗಂಡಸರು ಒಂದು ಉಪಕಾರವನ್ನಾದರೂ ನೆನೆಯಲಿ: ಹೆಂಡತಿಯ ನಂಬರು ಗೊತ್ತಿದ್ದವನು ಆಕೆಯ ಹುಟ್ಟುಹಬ್ಬ ಮರೆತೆನೆಂದು ಹೇಳಿ ಪಾರಾಗಲಾರ.