ಮಳೆ ಬಿದ್ದದ್ದಕ್ಕೆ ಹಣ ವಾಪಸ್ ಕೇಳಿದ ಮಹನೀಯರಿಗೆ

ನಿಮ್ಮ ಹೆಸರು ಗೊತ್ತಿಲ್ಲ. ಹಡಗಿನ ದೂರು ಕೌಂಟರಿನ ಸಾಲಿನಲ್ಲಿ ನನಗಿಂತ ಮುಂದೆ ನಿಂತಿದ್ದಿರಿ. ಕೌಂಟರಿನ ಹುಡುಗಿಗೆ ಇಂಗ್ಲಿಷಿನಲ್ಲಿ ನಯವಾಗಿ ಎಲ್ಲ ವಿವರಿಸಿ, ಆಕೆ ಕಂಪ್ಯೂಟರಿನತ್ತ ತಿರುಗಿದ ಕೂಡಲೇ ಅಪ್ಪಟ ಕನ್ನಡದಲ್ಲಿ ಬೈದಿರಿ. ಮೆಕ್ಸಿಕೋ ಕೊಲ್ಲಿಯ ನಡುನೀರಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದದ್ದು ಹಾಗೆ. ಗುರುತು ಮಾಡಿಕೊಳ್ಳೋಣ ಎನ್ನುವಷ್ಟರಲ್ಲಿ ನೀವು ಊಟದ ಹಾಲ್‌ನ ಕಡೆ ನಡೆದಿರಿ. ಗಾಲ್ವೆಸ್ಟನ್ ಬಂದರಿನಲ್ಲಿ ಇಳಿಯುವ ದಿನ ಸೂಟ್‌ಕೇಸುಗಳ ಜಾತ್ರೆಯಲ್ಲಿ ಕಾಣಲೇ ಇಲ್ಲ. ವಿಳಾಸ ಇಲ್ಲದವರಿಗೆ ಬರೆಯುವ ಪತ್ರ ಬಹಿರಂಗವಾಗಿಯೇ ಇರಬೇಕಲ್ಲ.

ನಿಮ್ಮ ಅರ್ಜಿಯ ಸಾರಾಂಶ ನಾನು ಕೇಳಿಸಿಕೊಂಡಂತೆ ಹೀಗಿದೆ: ಮೆಕ್ಸಿಕೋದ ಪ್ರೊಗ್ರೆಸೊ ಬಂದರಿನಿಂದ ಪ್ರಾಚೀನ ಮಾಯಾ ನಗರ ಉಷ್ಮಾಲ್‌ಗೆ ಹೋಗಿಬರುವ ಟೂರಿಗೆ ತಲೆಗಿಷ್ಟು ಎಂದು ಡಾಲರ್ ಕಟ್ಟಿದ್ದಿರಿ. ಬಸ್ಸು ಇಳಿದ ಗಳಿಗೆಯಿಂದ ಮಳೆ, ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಕಾಲು ಜಾರಿತು, ಹೊಸ ಬೂಟು ಹಾಳಾಯಿತು, ಏನೂ ಕಾಣಿಸಲಿಲ್ಲ, ಪಿರಮಿಡ್ ಹತ್ತಲು ಬಿಡಲಿಲ್ಲ. ಆದ್ದರಿಂದ ಪೂರ್ತಿ ಹಣ ವಾಪಸ್ ಕೊಡಬೇಕು.

ನಿಮ್ಮ ಹೋರಾಟಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ. ಆದರೆ ಅರ್ಜಿ ಮಂಡಿಸಿರುವ ರೀತಿ ಮಾತ್ರ ತೀರಾ ದುರ್ಬಲ. ಈ ಮಾತು ಹೇಳುವ ಅಧಿಕಾರ ನನಗಿದೆ. ಗದಗ ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲಿ ಗುಮಾಸ್ತನಾಗಿ ಸೇರಿ, ಶಿರಸ್ತೇದಾರನಾಗಿ ನಿವೃತ್ತನಾದವನು. ಮಳೆ ಬರಲಿಲ್ಲ ಎಂಬ ಅರ್ಜಿಗಳನ್ನು ಕಟ್ಟುಗಟ್ಟಲೆ ಓದಿದ್ದೇನೆ. ಅತಿವೃಷ್ಟಿಯ ಅರ್ಜಿಗಳೂ ಬಂದದ್ದುಂಟು. 2009ರ ನೆರೆಯಲ್ಲಿ ಮನೆ ಗೋಡೆ ಕುಸಿದವರವು. ಬೂಟು ನೆನೆದ ಅರ್ಜಿಯನ್ನು ಮಾತ್ರ ನಿಮ್ಮ ಕೃಪೆಯಿಂದ ನೋಡಿದ್ದು. ಮಗಳು ಹ್ಯೂಸ್ಟನ್ನಿನಲ್ಲಿ ಇಲ್ಲದಿದ್ದರೆ ಈ ಭಾಗ್ಯವೂ ತಪ್ಪುತ್ತಿತ್ತು.

ಮೊದಲ ದೋಷ: ಎದುರುದಾರರೇ ತಪ್ಪು. ನೀವು ದೂರಿದ್ದು ಹಡಗಿನ ಕಂಪನಿಯ ಮೇಲೆ. ಅವರು ಟಿಕೆಟ್ಟಿನ ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ನಿಜವಾದ ಎದುರುದಾರ ಚಾಕ್, ಮಾಯಾ ಜನರ ಮಳೆದೇವರು. ಕೈಯಲ್ಲಿ ಕೊಡಲಿ ಹಿಡಿದು ಅದರಿಂದಲೇ ಗುಡುಗು ಮಿಂಚು ಹುಟ್ಟಿಸುವವನು. ನೋಟೀಸು ಜಾರಿ ಮಾಡಲು ವಿಳಾಸ ಹುಡುಕಬೇಕಾಗಿಲ್ಲ. ಉಷ್ಮಾಲ್‌ನ ಗೋಡೆ ಗೋಡೆಯ ಮೇಲೂ ಆತನ ಮುಖವಿದೆ. ಉಬ್ಬಿದ ಕಣ್ಣು, ತೆರೆದ ಬಾಯಿ, ಮುಂದಕ್ಕೆ ಚಾಚಿ ಸುರುಳಿಯಾದ ಉದ್ದ ಮೂಗು. ರಾಜ್ಯಪಾಲನ ಅರಮನೆ ಎಂದು ಕರೆಯುವ ಆ ಸುಮಾರು ನೂರು ಮೀಟರ್ ಉದ್ದದ ಕಟ್ಟಡದ ಮೇಲಂತೂ ಸಾಲುಸಾಲು. ಅಲ್ಲಿಂದ ಸ್ವಲ್ಪ ದೂರದ ಕಾಬಾ ಎಂಬಲ್ಲಿ ಒಂದು ಕಟ್ಟಡದ ಇಡೀ ಮುಂಗೋಡೆ ಇವನ ಮುಖಗಳಿಂದಲೇ ತುಂಬಿದೆ. ಒಂದು ಕಚೇರಿಯಲ್ಲಿ ಇಷ್ಟೊಂದು ಸಲ ಅಧಿಕಾರಿಯ ಫೋಟೋ ತೂಗುಹಾಕಿದ್ದನ್ನು ನಾನು ನಮ್ಮ ರಾಜ್ಯದಲ್ಲಿಯೂ ಕಂಡಿಲ್ಲ.

ಒಂದು ತಾಂತ್ರಿಕ ಅಂಶ. ಚಾಕ್ ಒಬ್ಬನೂ ಹೌದು, ನಾಲ್ವರೂ ಹೌದು. ಪೂರ್ವಕ್ಕೆ ಕೆಂಪು, ಉತ್ತರಕ್ಕೆ ಬಿಳಿ, ಪಶ್ಚಿಮಕ್ಕೆ ಕಪ್ಪು, ದಕ್ಷಿಣಕ್ಕೆ ಹಳದಿ. ದಿಕ್ಕುವಾರು ವಿಭಾಗಗಳು ಅಂದುಕೊಳ್ಳಿ. ನಮ್ಮನ್ನು ನೆನೆಸಿದ್ದು ಚಳಿಗಾಲದಲ್ಲಿ ಉತ್ತರದಿಂದ ನುಗ್ಗುವ ಗಾಳಿಮಳೆ. ಆ ಕಡೆಯವರು ಅದನ್ನು ನೋರ್ಟೆ ಅನ್ನುತ್ತಾರೆ. ಬೆಳಿಗ್ಗೆ ಹಡಗು ನಿಂತಾಗ ಆಕಾಶ ಚೊಕ್ಕವಾಗಿತ್ತು, ಹತ್ತು ಗಂಟೆಗೆ ಕತ್ತಲು. ಅಂದರೆ ವ್ಯಾಪ್ತಿ ಬಿಳಿ ಚಾಕ್‌ನದು. ಅರ್ಜಿ ತಪ್ಪಿ ಕಪ್ಪು ಚಾಕ್‌ಗೆ ಹೋದರೆ ಅದು ‘ಸಂಬಂಧಿಸಿದ ವಿಭಾಗಕ್ಕೆ ವರ್ಗಾಯಿಸಿದೆ’ ಎಂಬ ಷರಾದೊಂದಿಗೆ ಇನ್ನೊಂದು ಸಾವಿರ ವರ್ಷ ಅಲ್ಲಿಯೇ ಕೂರುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಎರಡನೆಯದು: ಮುನ್ಸೂಚನೆ ಕೊಡಲಿಲ್ಲ ಎಂದಿದ್ದೀರಿ. ಸಾರ್, ಕಲ್ಲಿನಲ್ಲಿ ಕೆತ್ತಿ ಸಾವಿರದ ನೂರು ವರ್ಷ ಬಯಲಿಗಿಟ್ಟ ಸೂಚನೆಗಿಂತ ದೊಡ್ಡ ಸೂಚನೆ ಯಾವುದು? ಕ್ರಿ.ಶ. 900ರ ಹೊತ್ತಿಗೆ ಆ ಊರನ್ನಾಳಿದ ರಾಜನ ಹೆಸರಿನಲ್ಲೇ ಚಾಕ್ ಇದ್ದಾನೆ. ಇನ್ನು ಪೂರ್ವನಿದರ್ಶನ ಬೇಕೆಂದರೆ ಅದೂ ಇದೆ. 1975ರ ಫೆಬ್ರವರಿ 27ರಂದು ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿ ಉಷ್ಮಾಲ್‌ನಲ್ಲಿ ಧ್ವನಿ ಬೆಳಕಿನ ಪ್ರದರ್ಶನದ ಉದ್ಘಾಟನೆಗೆ ಬಂದಿದ್ದರು. ಆಗ ಅಲ್ಲಿ ಒಣಗಾಲ. ಧ್ವನಿವರ್ಧಕದಲ್ಲಿ ಚಾಕ್‌ನ ಪ್ರಾರ್ಥನೆ ಮೊಳಗುವ ಹೊತ್ತಿಗೆ ಸರಿಯಾಗಿ ಧೋ ಎಂದು ಮಳೆ ಸುರಿದು ಗಣ್ಯರೆಲ್ಲ ತೊಯ್ದರು. ಧ್ವನಿಮುದ್ರಿಸಿದ ಅರ್ಜಿಗೂ ಅದೇ ದಿನ ವಿಲೇವಾರಿ! ಇಂಥ ಇಲಾಖೆ ಭೂಮಿಯ ಮೇಲೆ ಬೇರೆ ಇಲ್ಲ. ರಾಣಿಯವರು ಬೂಟಿನ ಪರಿಹಾರ ಕೇಳಿದ ದಾಖಲೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಪಿರಮಿಡ್ ಹತ್ತಲು ಬಿಡಲಿಲ್ಲ ಎಂಬ ಅಂಶ ಕೈಬಿಡಿ. ಮಾಂತ್ರಿಕನ ಪಿರಮಿಡ್ ಎಂದು ಕರೆಯುವ ಅದನ್ನು ಬಿಸಿಲಿನಲ್ಲಿಯೂ ಯಾರೂ ಹತ್ತುವಂತಿಲ್ಲ. ಮೊಟ್ಟೆಯೊಡೆದು ಹುಟ್ಟಿದ ಕುಳ್ಳನೊಬ್ಬ ಅದನ್ನು ಒಂದೇ ರಾತ್ರಿಯಲ್ಲಿ ಕಟ್ಟಿದ ಎಂದು ಕಥೆ. ಅಗೆದು ನೋಡಿದವರಿಗೆ ಒಂದರ ಮೇಲೊಂದು ಐದು ಹಂತದ ಕಟ್ಟಡ ಸಿಕ್ಕಿದೆ. ಕಡಿದಾದ ಆ ಮೆಟ್ಟಿಲುಗಳನ್ನು ನೋಡಿದ ಮೇಲೆ, ಹತ್ತಲು ಬಿಡದಿದ್ದವರಿಗೆ ನಿಮ್ಮ ಮನೆಯವರು ಒಂದು ಕೃತಜ್ಞತಾ ಪತ್ರ ಬರೆಯುವುದು ಒಳ್ಳೆಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಏನೂ ಕಾಣಿಸಲಿಲ್ಲ’ ಎಂದಿದ್ದೀರಿ. ನೀವು ಗೇಟಿನ ಪಕ್ಕದ ಅಂಗಡಿಯ ತಗಡಿನ ಕೆಳಗೆ ನಿಂತು ಕ್ಯಾಪಿನ ದರ ಚೌಕಾಶಿ ಮಾಡುತ್ತಿದ್ದುದನ್ನು ಬಸ್ಸಿನವರೆಲ್ಲ ನೋಡಿದ್ದಾರೆ. ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಆ ಹೊತ್ತಿನಲ್ಲಿ ಒಳಗೆ ಏನು ನಡೆಯುತ್ತಿತ್ತು ಎಂಬುದು ನಿಮ್ಮ ಪ್ರಕರಣಕ್ಕೆ ಅತಿ ಮುಖ್ಯ, ಹಾಗಾಗಿ ತಿಳಿಸುತ್ತೇನೆ.

ಉಷ್ಮಾಲ್ ಇರುವ ಯುಕಟಾನ್ ಪರ್ಯಾಯದ್ವೀಪದ ಉತ್ತರಭಾಗದಲ್ಲಿ ನದಿಯೆಂಬುದೇ ಇಲ್ಲ. ನೆಲವೆಲ್ಲ ಸುಣ್ಣಕಲ್ಲು. ಬಿದ್ದ ನೀರು ಬಿದ್ದಲ್ಲೇ ಇಂಗಿ ತಳ ಸೇರುತ್ತದೆ. ಚಿಚೆನ್ ಇಟ್ಸಾ ಎಂಬ ಇನ್ನೊಂದು ಮಾಯಾ ನಗರದಂಥ ಕಡೆ ಸುಣ್ಣಕಲ್ಲಿನ ಚಾವಣಿ ಕುಸಿದು ಸೆನೋಟೆ ಎಂಬ ನೈಸರ್ಗಿಕ ಬಾವಿಗಳಾಗಿವೆ. ಉಷ್ಮಾಲ್ ಇರುವುದು ಪೂಕ್ ಎಂಬ ಗುಡ್ಡಗಳ ಸೀಮೆಯಲ್ಲಿ. ಅಲ್ಲಿ ಅಂತರ್ಜಲ ಬಹಳ ಆಳ. ನಗರದ ನಡುವೆ ಸೆನೋಟೆ ಇಲ್ಲ, ಹಳ್ಳವಿಲ್ಲ, ಕೊಳ್ಳವಿಲ್ಲ. ಸಾವಿರಾರು ಜನರ ರಾಜಧಾನಿಗೆ ನೀರಿನ ಆಧಾರ ಆಕಾಶ ಒಂದೇ. ಅದಕ್ಕೆ ಅವರು ಕಂಡುಕೊಂಡ ದಾರಿ ಚುಲ್ಟುನ್. ನೆಲದಡಿಯ ಬಂಡೆ ಕೊರೆದು ಮಾಡಿದ, ಕತ್ತು ಕಿರಿದು ಹೊಟ್ಟೆ ಅಗಲವಾದ ತೊಟ್ಟಿ. ಒಳಗೋಡೆಗೆ ಸುಣ್ಣದ ಗಾರೆ. ಸುತ್ತಲಿನ ಅಂಗಳಕ್ಕೂ ಗಾರೆ ಬಳಿದು, ಬಿದ್ದ ಹನಿ ಆ ಬಾಯಿಗೇ ಹರಿಯುವಂತೆ ಇಳಿಜಾರು. ಒಂದೊಂದರಲ್ಲಿ ಹತ್ತಾರು ಸಾವಿರ ಲೀಟರ್ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ತುಂಬಿಟ್ಟು, ನವೆಂಬರಿನಿಂದ ಆಚೆಗಿನ ಒಣ ತಿಂಗಳುಗಳನ್ನು ದಾಟಬೇಕು. ಊರ ಹೊರಗೆ ಕೆರೆಗಳನ್ನೂ ಮಾಡಿಕೊಂಡಿದ್ದರು. ಚಿತ್ರದುರ್ಗದ ಕೋಟೆಯಲ್ಲಿ ಹೊಂಡದಿಂದ ಹೊಂಡಕ್ಕೆ ನೀರಿಳಿಸಿದವರಿಗೆ ಈ ಲೆಕ್ಕ ಕೂತಲ್ಲೇ ಅರ್ಥವಾಗುತ್ತಿತ್ತು.

ನಾವು ಏಳೆಂಟು ಜನ, ಎಲ್ಲರೂ ಮುದುಕರು ಅಥವಾ ಮಕ್ಕಳು, ಪ್ಲಾಸ್ಟಿಕ್ ಹೊದ್ದು ಗೈಡಿನ ಹಿಂದೆ ಹೋದೆವು. ಆತ ಆ ಕಡೆಯ ಮಾಯಾ ಮನುಷ್ಯ. ಮಳೆ ಜೋರಾದಷ್ಟೂ ಅವನ ಮುಖ ಅರಳುತ್ತಿತ್ತು. ಅರಮನೆ, ಪಿರಮಿಡ್ ಎಲ್ಲ ಬದಿಗಿಟ್ಟು ನಮ್ಮನ್ನು ಒಂದು ಚುಲ್ಟುನ್ ಬಾಯಿಯ ಹತ್ತಿರ ನಿಲ್ಲಿಸಿದ. ಮೇಲಿನ ಗಾರೆ ಎಂದೋ ಕಿತ್ತುಹೋಗಿದೆ, ನಡುನಡುವೆ ಹುಲ್ಲು. ಆದರೂ ನೀರು ಅತ್ತಿತ್ತ ಅಲೆಯದೆ, ಅಕ್ಕಪಕ್ಕದ ಕಲ್ಲುಗಳ ಸಂದಿಯಿಂದ ಸಣ್ಣ ಸಣ್ಣ ಝರಿಯಾಗಿ ಬಂದು ಆ ಬಾಯಿಯ ಕಡೆಗೇ ಸರಿಯುತ್ತಿತ್ತು. ಮಂಜೂರಾತಿ ಕೊಟ್ಟ ಸರ್ಕಾರ ಹೋಗಿ, ಕಟ್ಟಿದ ಇಂಜಿನಿಯರು ಹೋಗಿ, ಸಾವಿರ ವರ್ಷದ ನಂತರವೂ ಯೋಜನೆ ಚಾಲ್ತಿಯಲ್ಲಿದೆ. ಜೊತೆಗಿದ್ದ ಮೊಮ್ಮಗ ಒಂದರ ಹಿಂದೊಂದು ಎಲೆ ತೇಲಿಬಿಡುತ್ತ ನಿಂತುಬಿಟ್ಟ. ಮೇಲೆ ನೋಡಿದರೆ ಗೋಡೆಯ ಮೇಲಿನ ಚಾಕ್ ಮೂಗುಗಳ ಸಾಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಆ ಮುಖಗಳನ್ನು ಒಣಗಿದ ಸ್ಥಿತಿಯಲ್ಲಿ ನೋಡಿದವರಿಗೆ ಅವು ವಿಕಾರವಾಗಿ ಕಂಡರೆ ಆಶ್ಚರ್ಯವಿಲ್ಲ.

ಇದರಿಂದ ಕಾನೂನಿನ ದೃಷ್ಟಿಯಲ್ಲಿ ಏನು ಸಿದ್ಧವಾಗುತ್ತದೆ ನೋಡಿ. ಟೂರಿನ ಕರಪತ್ರದಲ್ಲಿ ‘ಅಸಲಿ ಮಾಯಾ ಅನುಭವ’ ಎಂದು ಬಣ್ಣದ ಅಕ್ಷರದಲ್ಲಿತ್ತು. ಉಷ್ಮಾಲ್ ಎಂಬುದು ಮಳೆ ಹಿಡಿಯಲು ಕಟ್ಟಿದ ಯಂತ್ರ. ಮಳೆ ಬಾರದ ದಿನ ಕರೆದುಕೊಂಡು ಹೋಗಿ, ನಿಂತ ಯಂತ್ರವನ್ನು ತೋರಿಸಿ, ಪೂರ್ತಿ ದರ ವಸೂಲಿ ಮಾಡುವುದು ವಂಚನೆಯಲ್ಲವೇ? ಹಣ ವಾಪಸ್ ಸಿಗಬೇಕಾದದ್ದು ಬಿಸಿಲಿನ ದಿನ ಹೋದವರಿಗೆ. ನಮ್ಮಿಂದ ಕಂಪನಿಯವರು ಇನ್ನೂ ಸ್ವಲ್ಪ ಹೆಚ್ಚೇ ಕೇಳಬಹುದಿತ್ತು. ದಯವಿಟ್ಟು ಈ ಅಂಶವನ್ನು ಅವರ ಗಮನಕ್ಕೆ ತರಬೇಡಿ.

ನಿಮ್ಮ ಅರ್ಜಿಗೆ ಇನ್ನೊಂದು ಅಡ್ಡಿ ಇದೆ: ಅದೇ ಎದುರುದಾರನ ಮೇಲೆ, ಅದೇ ಜಾಗದಿಂದ, ನಿಮಗಿಂತ ಮೊದಲೇ ಒಂದು ಅರ್ಜಿ ದಾಖಲಾಗಿದೆ. ಅದರ ಕೋರಿಕೆ ತದ್ವಿರುದ್ಧ: ಮಳೆ ಬೇಕು. ಚಿಚಾಂಕನಬ್ ಎಂಬ ಸರೋವರ ಅದೇ ಯುಕಟಾನಿನಲ್ಲಿದೆ. ಅದರ ತಳದ ಕೆಸರನ್ನು ಕೊರೆದು ತೆಗೆದು ಪರೀಕ್ಷಿಸಿದ ವಿಜ್ಞಾನಿಗಳು 1995ರಲ್ಲಿ, ಒಂಬತ್ತು ಹತ್ತನೇ ಶತಮಾನಗಳ ಸುಮಾರಿಗೆ ಆ ಸೀಮೆ ಭೀಕರ ಬರ ಕಂಡಿತೆಂದು ಬರೆದರು. ನೀರು ಬತ್ತಿ ಕುಳಿತ ಜಿಪ್ಸಮ್ ಪದರಗಳೇ ಸಾಕ್ಷಿ. 2018ರಲ್ಲಿ ಅದೇ ಸರೋವರದ ಜಿಪ್ಸಮ್ಮಿನಿಂದ ಲೆಕ್ಕ ಹಾಕಿದವರು, ಇಂದಿಗೆ ಹೋಲಿಸಿದರೆ ಮಳೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು ಎಂದರು. ಯುದ್ಧ, ವ್ಯಾಪಾರ, ರಾಜಕೀಯ ಎಲ್ಲವೂ ಸೇರಿಯೇ ಊರುಗಳು ಬರಿದಾದದ್ದು, ಬರ ಒಂದೇ ಕಾರಣವಲ್ಲ. ಆದರೆ ಗೋಡೆಯ ಮೇಲೆ ಅಷ್ಟೊಂದು ಸಲ ಅದೇ ಮುಖ ಕೆತ್ತಿದ್ದನ್ನು ನೋಡಿದರೆ, ಬರ ಪರಿಹಾರದ ಫೈಲು ಓದಿದವನಿಗೆ ಅದು ಅಲಂಕಾರ ಅನ್ನಿಸುವುದಿಲ್ಲ. ಜ್ಞಾಪನಪತ್ರದ ಮೇಲೆ ಜ್ಞಾಪನಪತ್ರ.

ಆ ಅರ್ಜಿ ಇನ್ನೂ ಮುಕ್ತಾಯವಾಗಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ಯುಕಟಾನಿನ ಹಳ್ಳಿಗಳಲ್ಲಿ ಮೆಕ್ಕೆಜೋಳ ಬಾಡಿದರೆ ಇಂದಿಗೂ ಚಾ-ಚಾಕ್ ಎಂಬ ಆಚರಣೆ ನಡೆಯುತ್ತದೆ. ಮರದ ಕೊಂಬೆಗಳಿಂದ ಕಟ್ಟಿದ ಪೂಜಾ ಮಂಟಪದ ಕಾಲುಗಳ ಬಳಿ ಚಿಕ್ಕ ಹುಡುಗರನ್ನು ಕೂರಿಸುತ್ತಾರೆ; ಅವರು ಕಪ್ಪೆಗಳಂತೆ ವಟಗುಟ್ಟಬೇಕು. ಗೈಡ್ ಇದನ್ನು ಹೇಳಿದಾಗ ನಾನು ನಕ್ಕೆ, ಅವನು ಬೇಸರಪಟ್ಟುಕೊಂಡ. ನನ್ನ ನಗುವಿನ ಕಾರಣ ಬೇರೆ. ಹುಡುಗನಾಗಿದ್ದಾಗ ಮಳೆ ಬರಲೆಂದು ಹಂಚಿನ ಮೇಲೆ ಗುರ್ಜಿ ಇಟ್ಟುಕೊಂಡು ಮನೆ ಮನೆ ಮುಂದೆ ಗಿರಗಿರ ತಿರುಗಿ, ಅವ್ವಂದಿರಿಂದ ತಲೆ ಮೇಲೆ ನೀರು ಸುರಿಸಿಕೊಂಡವನು ನಾನು. 2019ರಲ್ಲಿ ಉಡುಪಿಯಲ್ಲಿ ಕಪ್ಪೆಗಳಿಗೆ ಮದುವೆ ಆಯಿತು, ಅದೇ ವರ್ಷ ನಮ್ಮ ಸರ್ಕಾರ ಮುಜರಾಯಿ ದೇವಸ್ಥಾನಗಳಿಗೆ ಪರ್ಜನ್ಯ ಹೋಮ ಮಾಡಿಸಿ ಎಂದು ಸುತ್ತೋಲೆ ಕಳಿಸಿತು. ಮಳೆದೇವರಿಗೆ ಕಪ್ಪೆಯ ಮೂಲಕ ಅರ್ಜಿ ಹಾಕುವ ಪದ್ಧತಿ ಎರಡು ಸಾಗರ ದಾಟಿದ ಆಚೆಗೂ ಇದೆ ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ವಿವರಿಸಿದ ಮೇಲೆ ಅವನೂ ನಕ್ಕ.

ವಾಪಸು ಬರುವಾಗ ಬಸ್ಸಿನಲ್ಲಿ ನೀವು ಗಟ್ಟಿಯಾಗಿ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ: ಇಷ್ಟೆಲ್ಲ ಕಟ್ಟಿದ ಮಾಯಾ ಜನ ಎಲ್ಲಿ ಮಾಯವಾದರು? ಬಸ್ಸಿನ ಡ್ರೈವರ್ ಆ ಹೊತ್ತಿನಲ್ಲಿ ಫೋನಿನಲ್ಲಿ ಮಾಯಾ ಭಾಷೆಯಲ್ಲೇ ಮನೆಗೆ ಮಾತಾಡುತ್ತಿದ್ದ. ಮೆಕ್ಸಿಕೋದಲ್ಲಿ ಆ ಭಾಷೆಯಾಡುವವರು ಏಳು ಲಕ್ಷಕ್ಕೂ ಹೆಚ್ಚು. ಅವರಲ್ಲೊಬ್ಬ ನಿಮಗೆ ಕ್ಯಾಪನ್ನು ದುಪ್ಪಟ್ಟು ಬೆಲೆಗೆ ಮಾರಿದ್ದಾನೆ. ಆ ಅಂಶವನ್ನು ಬೇಕಾದರೆ ಅರ್ಜಿಗೆ ಸೇರಿಸಿ, ಅದರಲ್ಲಿ ಹುರುಳಿದೆ.

ಕೊನೆಯದಾಗಿ ಪ್ರೊಗ್ರೆಸೊದ ಆ ಕಟ್ಟೆಯ ವಿಷಯ. ಕಡಲು ಅಲ್ಲಿ ಅಷ್ಟು ಆಳವಿಲ್ಲದ್ದರಿಂದ ಹಡಗು ನಿಲ್ಲಲು ಆರು ಕಿಲೋಮೀಟರಿಗೂ ಉದ್ದಕ್ಕೆ ಸಮುದ್ರದೊಳಗೆ ಸೇತುವೆಯಂತೆ ಕಟ್ಟೆ ಚಾಚಿದ್ದಾರೆ. ಸಂಜೆ ಅಲ್ಲಿ ಗಾಳಿಗೆ ನಿಮ್ಮ ಹೊಸ ಕ್ಯಾಪ್ ಹಾರಿಹೋದದ್ದಕ್ಕೆ ನಾನೇ ಪ್ರತ್ಯಕ್ಷ ಸಾಕ್ಷಿ. ಅದು ಹೋದದ್ದು ದಕ್ಷಿಣಕ್ಕೆ, ಆದ್ದರಿಂದ ಆ ಕ್ಲೇಮು ಮಾತ್ರ ಪ್ರತ್ಯೇಕವಾಗಿ ಹಳದಿ ಚಾಕ್ ವಿಭಾಗದಲ್ಲಿ ಹಾಕಬೇಕಾಗುತ್ತದೆ.

ಮೇಲಿನಂತೆ ತಿದ್ದಿದ ಅರ್ಜಿಗೆ ಸಹಿ ಮಾಡಿ, ಮೂರು ಪ್ರತಿ ಮಾಡಿಸಿಕೊಳ್ಳಿ. ಮಳೆಯಲ್ಲಿ ಒಯ್ಯುವಾಗ ಪ್ಲಾಸ್ಟಿಕ್ ಚೀಲದಲ್ಲಿಡಿ. ಮಾಯಾ ಜನರ ಅಳಿದುಳಿದ ನಾಲ್ಕೇ ಹೊತ್ತಿಗೆಗಳಲ್ಲಿ ಒಂದು ಡ್ರೆಸ್ಡೆನ್ನಿನಲ್ಲಿದೆ. ಎಷ್ಟೋ ಪುಟಗಳಲ್ಲಿ ಚಾಕ್ ಚಿತ್ರಗಳಿರುವ ಅದಕ್ಕೆ ಎರಡನೇ ಮಹಾಯುದ್ಧದ ಬಾಂಬ್ ದಾಳಿಯ ವೇಳೆ ನೀರು ನುಗ್ಗಿ ಹಾನಿಯಾಯಿತು. ತನ್ನ ಕಡತವನ್ನೇ ಬಿಡದವನು ನಿಮ್ಮದನ್ನು ಬಿಟ್ಟಾನೆಯೇ.

ಇಂತಿ ತಮ್ಮ ವಿಶ್ವಾಸಿ,
ಸಾಲಿನಲ್ಲಿ ತಮ್ಮ ಹಿಂದೆ ನಿಂತಿದ್ದ ನಿವೃತ್ತ ಶಿರಸ್ತೇದಾರ

ಪ್ರತಿಗಳು:
ಬಿಳಿ ಚಾಕ್, ಉತ್ತರ ವಿಭಾಗ, ಸೂಕ್ತ ಕ್ರಮಕ್ಕಾಗಿ.
ಕೆಂಪು, ಕಪ್ಪು ಮತ್ತು ಹಳದಿ ಚಾಕ್, ಮಾಹಿತಿಗಾಗಿ.
ಹಡಗಿನ ದೂರು ಕೌಂಟರ್, ಕಳೆದ ಬೇಸಿಗೆಯಲ್ಲಿ ಸುಡುಬಿಸಿಲಿನಲ್ಲಿ ಉಷ್ಮಾಲ್ ನೋಡಿಬಂದ ಸಮಸ್ತ ಯಾತ್ರಿಕರ ಹಣ ವಾಪಸಾತಿ ಕುರಿತು.