ಪದ್ಮಿನಿಯ ವಾಯುಪ್ರಕೋಪ

ನಮ್ಮ ಕಡೆ ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಡಾಕ್ಟರು ಏನೇ ಬರೆದುಕೊಡಲಿ, ಮನೆಗೆ ಬಂದಮೇಲೆ ‘ಅದೇನಿಲ್ಲ, ಗ್ಯಾಸು’ ಎಂದು ಓಮಿನ ಕಷಾಯ ಕುದಿಯುತ್ತದೆ. ಹಳೇ ಕಾರಿನ ಬ್ರೇಕಿಗೂ ನಮ್ಮ ಜನ ಇದೇ ವೈದ್ಯ ಮಾಡುತ್ತಾರೆ. ಪೆಡಲ್ ಕೆಳಗೆ ಹೋದರೆ ಏರ್ ಹಿಡಿದಿದೆ. ಮೆತ್ತಗಿದ್ದರೆ ಏರ್ ಹಿಡಿದಿದೆ. ಗಾಡಿ ಒಂದು ಪಕ್ಕಕ್ಕೆ ಎಳೆದರೂ ಏರೇ.

ನಮ್ಮ ಮಾವನವರದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ಬೊಂಬಾಯಿಯ ಕುರ್ಲಾದಲ್ಲಿ ಪಡೆದ ಪುನರ್ಜನ್ಮ. ಗೇರು ಸ್ಟೀರಿಂಗಿನ ಪಕ್ಕ, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. 2023ರ ಅಕ್ಟೋಬರ್ ಕೊನೆಗೆ ಮುಂಬೈಯ ಪದ್ಮಿನಿ ಟ್ಯಾಕ್ಸಿಗಳಿಗೆ ನಿವೃತ್ತಿ ಎಂಬ ಸುದ್ದಿಯನ್ನು ನಾನು ಕೊಂಚ ಆಸೆಯಿಂದಲೇ ಗಟ್ಟಿಯಾಗಿ ಓದಿ ಹೇಳಿದ್ದೆ. ಮಾವ ಕನ್ನಡಕ ಸರಿಮಾಡಿಕೊಂಡು, “ನಮ್ಮದು ಟ್ಯಾಕ್ಸಿಯಲ್ಲವಲ್ಲ” ಎಂದು ಒಳಗೆ ಹೋದರು.

ಒಂದು ದಿನ ಹಿಂದಿನ ಚಕ್ರದ ಒಳಮೈ ಒದ್ದೆಯಾಗಿ ಕಂಡಿತು. ವೀಲ್ ಸಿಲಿಂಡರಿನ ರಬ್ಬರ್ ಕಪ್ಪು ಸವೆದು ಬ್ರೇಕ್ ಆಯಿಲ್ ಸೋರುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಪದ್ಮಿನಿಯ ರಬ್ಬರ್ ಕಿಟ್ ಇವತ್ತಿಗೂ ಸಿಗುತ್ತದೆ; ಹುಡುಕುವ ತಾಳ್ಮೆ ಬೇಕು, ಅಷ್ಟೇ. ಕಿಟ್ ತಂದುಕೊಟ್ಟೆವು. ಮೆಕ್ಯಾನಿಕ್ ಡ್ರಮ್ ಬಿಚ್ಚಿದ, ನಾಲ್ಕು ಚಕ್ರಕ್ಕೂ ಹಾಕಿದ, ಬಿಲ್ಲೂ ಕೊಟ್ಟ. ಪೆಡಲ್ ಮಾತ್ರ ಮೊದಲ ತುಳಿತಕ್ಕೆ ನೆಲ ಮುಟ್ಟಿ, ಎರಡನೆಯದಕ್ಕೆ ಮೇಲೆ ಬರುತ್ತಿತ್ತು. ಕೇಳಿದ್ದಕ್ಕೆ, “ಸ್ವಲ್ಪ ಏರ್ ಇದೆ ಸಾರ್. ಎರಡು ದಿನ ಓಡಿಸಿ, ತಾನೇ ಹೋಗುತ್ತೆ” ಎಂದ. ಬ್ರೇಕು ನೆಟ್ಟಗಿಲ್ಲದ ಗಾಡಿಯನ್ನು ಎರಡು ದಿನ ಓಡಿಸಿದರೆ ಮೊದಲು ಹೋಗುವುದು ಏರ್ ಆಗಿರಲಾರದು. ಮಾವ ಮಾತ್ರ ಎರಡು ಸಲ ತುಳಿಯುವುದನ್ನು ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ರೂಢಿಸಿಕೊಂಡರು. ಕೊನೆಗೆ ಏರ್ ತೆಗೆಯುವ ಕೆಲಸವನ್ನು ಮನೆಯಲ್ಲೇ ಮಾಡುವುದೆಂದಾಯಿತು.

ಶಾಸ್ತ್ರ ಸರಳ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ; ಕಾಲಿನ ಒತ್ತಡವನ್ನು ಹಾಗೇ ಚಕ್ರಕ್ಕೆ ಮುಟ್ಟಿಸುತ್ತದೆ. ನಡುವೆ ಗಾಳಿಯ ಗುಳ್ಳೆ ಸೇರಿದರೆ ಅದು ಕುಗ್ಗಿ ಕೂತು, ಒತ್ತಡವನ್ನು ತಾನೇ ನುಂಗುತ್ತದೆ. ಅದಕ್ಕೇ ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಬೇಕು, ಗುಳ್ಳೆ ಹೊರಬಿದ್ದ ಮೇಲೆ ಬಿಗಿಯಬೇಕು. ಆಮೇಲಷ್ಟೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಹೊರಗಿನ ಗಾಳಿ ಒಳಗೆ. ಶುರು ಮಾಡುವುದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಸ್ಟೀರಿಂಗ್ ಬಲಕ್ಕಿರುವ ನಮ್ಮ ಗಾಡಿಗಳಲ್ಲಿ ಹಿಂದಿನ ಎಡಗಡೆಯದರಿಂದ.

ನಾನು ಚಾಪೆ ಹಾಸಿ ಚಕ್ರದ ಹತ್ತಿರ ಮಲಗಿದೆ. ಮಾವ ಸೀಟಿನಲ್ಲಿ ಕುಳಿತರು. ತೊಡಕು ಶುರುವಾದದ್ದು ಅಲ್ಲಿ. ಈ ಕೆಲಸಕ್ಕೆ ಬೇಕಾದದ್ದು ಒಂದೊಂದು ಪದದ ಅಪ್ಪಣೆ: ಒತ್ತು, ಹಿಡಿ, ಬಿಡು. ಹೆಣ್ಣು ಕೊಟ್ಟ ಮಾವನಿಗೆ, ಅದೂ ನಿವೃತ್ತ ಹೆಡ್‌ಮಾಸ್ತರರಿಗೆ, ಚಕ್ರದಡಿಯಿಂದ ‘ಒತ್ತು’ ಎಂದು ಯಾವ ಅಳಿಯ ಕೂಗುತ್ತಾನೆ?

“ಮಾವ, ಈಗ ದಯವಿಟ್ಟು ಸ್ವಲ್ಪ ಒತ್ತುತ್ತೀರಾ?”

“ಆಗಲಿ. ಇಷ್ಟು ಸಾಕೇ ಅಳಿಯಂದಿರೇ?”

“ಇನ್ನೂ ಸ್ವಲ್ಪ ಒತ್ತಬಹುದೇನೋ. ಹಾಗೇ ಹಿಡಿದುಕೊಂಡಿದ್ದರೆ ಒಳ್ಳೆಯದು.”

“ಹಿಡಿದಿದ್ದೇನೆ. ಕೈಗೆ ಎಣ್ಣೆ ಬಿತ್ತೇ? ಒರೆಸಲು ಬಟ್ಟೆ ಕೊಡಲೇ?” ಎಂದು ಬಟ್ಟೆಗಾಗಿ ಅವರು ಬಗ್ಗಿದರೆ ಕಾಲು ಮೇಲೆ ಬಂತು, ಹೊರಟಿದ್ದ ಗುಳ್ಳೆ ಸೊರ್ ಎಂದು ಹಿಂದಿರುಗಿತು.

ಅಷ್ಟರಲ್ಲಿ ಕಾಂಪೌಂಡಿನಾಚೆ ಸಲಹಾ ಸಮಿತಿ ಸೇರಿತ್ತು. ಇಸ್ತ್ರಿ ಗಾಡಿಯವನ ಪ್ರಕಾರ ಏರ್. ಹಾಲಿನವನ ಪ್ರಕಾರವೂ ಏರ್. ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಮಾತ್ರ ಮೂಲಭೂತ ಪ್ರಶ್ನೆ ಎತ್ತಿದರು: “ನಮ್ಮ ಬಸ್ಸಿಗೆ ಏರ್ ಇಲ್ದಿದ್ರೆ ಬ್ರೇಕಿಲ್ಲ, ನಿಮ್ಮ ಕಾರಿಗೆ ಏರ್ ಇದ್ರೆ ಬ್ರೇಕಿಲ್ಲ. ಇದ್ಯಾವ ನ್ಯಾಯ ಸಾರ್?” ಬಸ್ಸಿನ ಬ್ರೇಕು ನಡೆಯುವುದೇ ಒತ್ತಿಟ್ಟ ಗಾಳಿಯಿಂದ, ಅವರ ಮಾತು ಅಕ್ಷರಶಃ ಸತ್ಯ. ಮಲಗಿದಲ್ಲಿಂದ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸೀಸೆಗೆ ಇಳಿದ ಹಳೇ ಆಯಿಲ್ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಅದನ್ನು ಪಂಚೆಯ ತುಂಡಿನಲ್ಲಿ ಶೋಧಿಸಿ ಮತ್ತೆ ಹಾಕಬಾರದೇಕೆ ಎಂದು ಮಾವ ಕೇಳಿದರು. ಯುದ್ಧಕಾಲದ ರೇಷನ್ ಕಂಡ ತಲೆಮಾರು ಸಾಕಿದ ಮಗ ಅವರು, ಪ್ರಶ್ನೆ ಸಹಜ. ಆದರೆ ಬ್ರೇಕ್ ಆಯಿಲ್ ಹೆಸರಿಗಷ್ಟೇ ಎಣ್ಣೆ. ಗಾಳಿಯಲ್ಲಿನ ತೇವವನ್ನು ಸದ್ದಿಲ್ಲದೆ ಕುಡಿಯುವುದು ಅದರ ಜಾಯಮಾನ. ಹೊಸ ಡಾಟ್ 3 ಆಯಿಲ್ ಕುದಿಯಲು ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಕುಡಿದ ಮೇಲೆ 140ರ ಸುಮಾರಿಗೇ ಕುದಿಯಬಹುದು. ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಹಿಡಿದು ಹಿಡಿದು ಇಳಿಯುವಾಗ ಅದು ಕುದಿದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ. ಇಷ್ಟು ಹೇಳಿದರೂ ಅವರ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಪೇಂಟಿನ ಮೇಲೆ ಬಿದ್ದರೆ ಪೇಂಟೇ ಕಿತ್ತುಬರುತ್ತದೆ ಎಂದೆ. ಸೀಸೆಯನ್ನು ತಕ್ಷಣ ಗೇಟಿನಾಚೆ ಇಡಿಸಿದರು.

ಕೊನೆಗೆ ನನ್ನ ಹೆಂಡತಿ ಬಾಗಿಲಿಗೆ ಬಂದು ನಮ್ಮಿಬ್ಬರ ಶಿಷ್ಟಾಚಾರವನ್ನು ಕೊಂಚ ಹೊತ್ತು ಕೇಳಿ, ಗಾಡಿಯ ಪಕ್ಕ ನಿಂತಳು. ಅವಳಿಗೆ ಅಪ್ಪನೊಡನೆ ಏಕವಚನದ ಸಲುಗೆ. “ಅಪ್ಪಾ ಒತ್ತು! ಹಿಡ್ಕೋ! ಬಿಡಬೇಡ! ರೀ, ಬಿಗಿ ಮಾಡ್ರೀ! ಅಪ್ಪಾ, ಈಗ ಬಿಡು!” ಅರ್ಧ ಗಂಟೆಯೊಳಗೆ ನಾಲ್ಕೂ ಚಕ್ರ ಮುಗಿದು, ಕೊಳವೆಯಲ್ಲಿ ಒಂದೇ ಒಂದು ಗುಳ್ಳೆ ಬಾರದೆ ಜೇನಿನ ಬಣ್ಣದ ಹೊಸ ಆಯಿಲ್ ಹರಿಯಿತು.

ಪೆಡಲ್ ತುಳಿದರೆ ಮತ್ತೆ ನೆಲಕ್ಕೆ!

“ಇನ್ನೂ ಏರ್ ಇದೆ” ಎಂದಿತು ಸಮಿತಿ, ಒಕ್ಕೊರಲಿನಿಂದ.

ಅಪ್ಪನನ್ನು ಇಳಿಸಿ ಹೆಂಡತಿ ಸೀಟಿಗೆ ಹತ್ತಿದಳು. ಡ್ರೈವಿಂಗ್ ಕಲಿತ ದಿನದಿಂದ ಅವಳದೊಂದು ಅಭ್ಯಾಸ. ಕುಳಿತೊಡನೆ ಹ್ಯಾಂಡ್ ಬ್ರೇಕ್ ಎಳೆಯುವುದು. ಎಳೆದಳು, ಪೆಡಲ್ ತುಳಿದಳು. “ಗಟ್ಟಿಯಾಗೇ ಇದೆಯಲ್ಲಾ!” ಹ್ಯಾಂಡ್ ಬ್ರೇಕ್ ಇಳಿಸಿ ತುಳಿದರೆ ಮತ್ತೆ ಕೆಳಗೆ. ಎಳೆದರೆ ಮೇಲೆ. ಹ್ಯಾಂಡ್ ಬ್ರೇಕಿನ ತಂತಿ ಹಿಂದಿನ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತಳ್ಳುತ್ತದೆ. ಅದರಿಂದ ಪೆಡಲ್ ಮೇಲೆ ಬಂತೆಂದರೆ ತಂಟೆ ಗಾಳಿಯದಲ್ಲ, ಶೂಗೂ ಡ್ರಮ್ಮಿಗೂ ನಡುವಿನ ಅಂತರದ್ದು. ಡ್ರಮ್ ಕೀಳಲು ಮೆಕ್ಯಾನಿಕ್ ಶೂಗಳನ್ನು ಹಿಂದಕ್ಕೆ ಸರಿಸಿದ್ದ. ಮುಂದಕ್ಕೆ ತರುವಷ್ಟರಲ್ಲಿ ಅವನಿಗೆ ಊಟದ ಹೊತ್ತಾಗಿತ್ತೆಂದು ಕಾಣುತ್ತದೆ. ಮೊದಲ ತುಳಿತದ ಆಯಿಲೆಲ್ಲ ಆ ಅಂತರ ತುಂಬುವುದಕ್ಕೇ ಖರ್ಚಾಗುತ್ತಿತ್ತು. ಗಾಳಿ ಸೇರಿದ ಪೆಡಲ್ ಸ್ಪಂಜಿನಂತೆ ಮೆತ್ತಗಿರುತ್ತದೆ. ನಮ್ಮದು ಮೆತ್ತಗಿರಲೇ ಇಲ್ಲ, ಬರೀ ಕೆಳಗಿತ್ತು. ತುಳಿದು ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಅದು ಮಾಸ್ಟರ್ ಸಿಲಿಂಡರಿನ ಕಪ್ಪಿನ ಕಥೆ. ಹಳೇ ರಬ್ಬರ್ ಹೋಸು ಉಬ್ಬಿದರೆ ಅದು ಮತ್ತೊಂದು ಕಥೆ. ಎಲ್ಲದಕ್ಕೂ ಬೈಸಿಕೊಳ್ಳುವುದು ಗಾಳಿ.

ಚಕ್ರ ತಿರುಗಿಸಿದರೆ ಸಣ್ಣಗೆ ಉಜ್ಜುವ ಸದ್ದು ಬರುವಷ್ಟು ಶೂ ಹತ್ತಿರ ತಂದು ಅಡ್ಜಸ್ಟ್ ಮಾಡಿದೆವು. ಪೆಡಲ್ ಅರ್ಧದಲ್ಲೇ ಕಲ್ಲಿನಂತೆ ನಿಂತಿತು. ಮಾವ ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟರು. ರೂಢಿಯಾಗಿದ್ದ ಎರಡು ತುಳಿತವನ್ನು ಅವರು ಬಿಟ್ಟಿರಲಿಲ್ಲ. ಈಗ ಮೊದಲನೆಯದಕ್ಕೇ ಗಾಡಿ ಗಕ್ಕನೆ ಹಿಡಿಯಿತು, ಎರಡನೆಯದಕ್ಕೆ ಇನ್ನೊಮ್ಮೆ. ಪ್ರತಿ ಸಿಗ್ನಲ್ಲಿನಲ್ಲೂ ಅತ್ತೆ ಮುಂದಿನ ಸೀಟಿನ ಬೆನ್ನಿಗೆ ಹಣೆ ಮುಟ್ಟಿಸಿ ಎರಡೆರಡು ನಮಸ್ಕಾರ ಸಲ್ಲಿಸಿದರಂತೆ. ಮನೆಗೆ ಬಂದವರೇ ಹಣೆ ಸವರಿಕೊಳ್ಳುತ್ತಾ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು:

“ಅಳಿಯಂದಿರೇ, ತೆಗೆದ ಗಾಳಿಯಲ್ಲಿ ಒಂದಿಷ್ಟನ್ನು ವಾಪಸ್ ಹಾಕೋಕಾಗುತ್ತಾ?”